ಆನಂದೀಬಾಯಿ ಜೋಶಿ ಬರೆದ ಅರ್ಜಿ

ಪರದೇಶದ ವಿದ್ಯಾಪೀಠವೊಂದರಲ್ಲಿ ಓದಬೇಕೆಂದು ಬಯಸುವ ಹುಡುಗನಾಗಲಿ ಹುಡುಗಿಯಾಗಲಿ ಈಗಿನ ದಿನಗಳಲ್ಲಿ ಎಷ್ಟು ಕಾಗದಗಳನ್ನು ಕೂಡಿಸಬೇಕಾಗುವದೆಂಬದನ್ನು ನಮ್ಮ ವಾಚಕರಲ್ಲಿ ಕೆಲವರು ತಮ್ಮ ಮಕ್ಕಳ ದೆಸೆಯಿಂದ ಬಲ್ಲರು. ಕಲಿತ ಶಾಲೆಯ ಸರ್ಟಿಫಿಕೇಟು ಬೇಕು. ಇಂಗ್ಲಿಷ್ ಬರುವದೆಂಬದಕ್ಕೆ ಪರೀಕ್ಷೆಯ ಸಾಕ್ಷಿ ಬೇಕು. ಗುರುಗಳ ಶಿಫಾರಸು ಬೇಕು. ಓದಿ ಮುಗಿಯುವ ತನಕ ಹಣವು ಎಲ್ಲಿಂದ ಬರುವದೆಂಬ ಲೆಕ್ಕವೂ ಬೇಕು. ಇವೆಲ್ಲವುಗಳ ಮೇಲೆ, ತಾನು ಯಾತಕ್ಕೋಸ್ಕರ ಅಷ್ಟು ದೂರ ಬರಲಿಚ್ಛಿಸುತ್ತೇನೆಂದು ತನ್ನ ಕೈಯಿಂದಲೇ ಒಂದು ಪತ್ರವನ್ನು ಬರೆಯಬೇಕು. ಈ ಕಡೇ ಕಾಗದವೊಂದನ್ನು ಬಿಟ್ಟರೆ ಮಿಕ್ಕವುಗಳಲ್ಲಿ ಹೆಚ್ಚು ಕಡಿಮೆ ಯಾವದೂ ಇಲ್ಲದೆ, 1883ನೇ ಇಸವಿಯಲ್ಲಿ ಹದಿನೆಂಟು ವರ್ಷ ಪ್ರಾಯದ ಬ್ರಾಹ್ಮಣ ಸ್ತ್ರೀಯೊಬ್ಬಳು ಅಮೇರಿಕದ ವೈದ್ಯಶಾಲೆಗೆ ಅರ್ಜಿ ಮಾಡಿಕೊಂಡಳು. ಆಕೆಯೇ ಆನಂದೀಬಾಯಿ ಜೋಶಿ. ಆಕೆ ಡಾಕ್ಟರಳಾದ ಸಂಗತಿಯನ್ನು ಹೇಳುವವರು ಬಹು ಮಂದಿ ಇದ್ದಾರೆ. ಆದರೆ ಆ ಅರ್ಜಿಯು ಹೇಗೆ ಹುಟ್ಟಿತು, ಐದು ವರ್ಷಗಳ ಕಾಲ ಯಾರಾರ ಬಾಗಲಲ್ಲಿ ಕಾದು ನಿಂತಿತು ಎಂಬದನ್ನು ಹೇಳುವವರು ಕಡಿಮೆ. ಇಂಥ ಒಂದು ಮಿಶನ್ ಪತ್ರಿಕೆಗೂ ಆ ಕಥೆಯಲ್ಲಿ ಪಾಲು ಇರುವದರಿಂದ, ಅದನ್ನು ಇಲ್ಲಿ ಹೇಳುವದು ಉಚಿತವೆಂದು ನೆನಸುತ್ತೇವೆ.

ಆಕೆಯು 1865ನೇ ಇಸವಿ ಮಾರ್ಚ್ 31ನೇ ತಾರೀಕಿನಲ್ಲಿ ಹುಟ್ಟಿದಳು. ತವರು ಮನೆಯವರು ಕಲ್ಯಾಣದವರು. ನಮ್ಮ ಬೀದರ ಸೀಮೆಯ ಬಸವಣ್ಣನವರ ಕಲ್ಯಾಣವಲ್ಲ, ಮುಂಬಯಿಗೆ ಹತ್ತಿರವಿರುವ ಕಲ್ಯಾಣ. ತಂದೆತಾಯಿಗಳಿಟ್ಟ ಹೆಸರು ಯಮುನೆ. ಒಂಭತ್ತನೇ ವರುಷದಲ್ಲಿ ಆಕೆಯನ್ನು ಗೋಪಾಲರಾವ್ ಜೋಶಿ ಎಂಬವರಿಗೆ ಮದುವೆ ಮಾಡಿ ಕೊಟ್ಟರು. ಅವರು ಅಂಚೇ ಕಛೇರಿಯಲ್ಲಿ ಗುಮಾಸ್ತರು. ಮೊದಲ ಹೆಂಡತಿಯನ್ನು ಕಳೆದುಕೊಂಡವರು. ಹುಡುಗಿಗಿಂತ ಇಪ್ಪತ್ತು ವರುಷಕ್ಕೆ ಸಮೀಪ ದೊಡ್ಡವರು. ಮದುವೆಯಲ್ಲಿ ಯಮುನೆಗೆ ಆನಂದಿ ಎಂಬ ಹೆಸರಾಯಿತು.

ಈ ಗೋಪಾಲರಾಯರು ವಿಚಿತ್ರ ಸ್ವಭಾವದವರು. ಆ ಕಾಲದಲ್ಲಿ ಹೆಂಡತಿಯು ಪುಸ್ತಕ ಹಿಡಿದರೆ ಗಂಡನಿಗೆ ಆಯುಷ್ಯ ಕಡಿಮೆಯಾಗುವದೆಂದು ಜನರು ಹೆದರುತ್ತಿದ್ದರು. ಇವರಾದರೋ, ತನ್ನ ಹೆಂಡತಿಯು ಓದಲೇಬೇಕೆಂದು ಹಟ ಹಿಡಿದರು. ತಾವೇ ಮರಾಠಿ, ಸಂಸ್ಕೃತ, ಇಂಗ್ಲಿಷುಗಳನ್ನು ಕಲಿಸಿದರು. ಆದರೆ ಆ ಕಲಿಸುವಿಕೆಯು ಮೆದುವಾದದ್ದಾಗಿರಲಿಲ್ಲ. ಹತ್ತು ವರುಷದ ಹುಡುಗಿಯನ್ನು ಮುರಿದ ಕಟ್ಟಿಗೆಯಿಂದ ಹೊಡೆದದ್ದನ್ನೂ, ಬಿಟ್ಟುಹೋಗುವೆನೆಂದು ಹೆದರಿಸಿದ್ದನ್ನೂ ಆಕೆಯೇ ಮುಂದೆ ಅಮೇರಿಕದಿಂದ ಅವರಿಗೆ ಬರೆದ ಕಾಗದದಲ್ಲಿ ನೆನಪು ಮಾಡಿಕೊಟ್ಟಿದ್ದಾಳೆ. ಅದು ಒಳ್ಳೇದಾಯಿತೋ ಕೆಟ್ಟದ್ದಾಯಿತೋ ಎಂದು ತೀರ್ಮಾನಿಸುವದು ತನಗೆ ಕಷ್ಟವೆಂದೂ ಅದೇ ಕಾಗದದಲ್ಲಿ ಬರೆದಿದ್ದಾಳೆ. ಕೆಲವರು ಗೋಪಾಲರಾಯರನ್ನು ಬರೇ ಉಪಕಾರಿಯೆಂದು ಕೊಂಡಾಡುತ್ತಾರೆ. ಕೆಲವರು ಬರೇ ಕ್ರೂರಿಯೆಂದು ಹಳಿಯುತ್ತಾರೆ. ಪೆಟ್ಟು ತಿಂದವಳೇ ತೀರ್ಮಾನಿಸಲಾರದೆ ಹೋದದ್ದನ್ನು ನಾವು ತೀರ್ಮಾನಿಸಲಾರೆವು. ಆದರೆ ವಿದ್ಯೆಗೋಸ್ಕರ ಮಗುವನ್ನು ಹಾಗೆ ಹೊಡೆದದ್ದು ತಪ್ಪೆಂಬದರಲ್ಲಿ ನಮಗೆ ಸಂಶಯವಿಲ್ಲ.

ಹದಿನಾಲ್ಕರ ಎಳೇ ಪ್ರಾಯದಲ್ಲಿ ಆಕೆಗೆ ಒಬ್ಬ ಮಗನು ಹುಟ್ಟಿದನು. ಹತ್ತೇ ದಿವಸ ಬದುಕಿ ತೀರಿಹೋದನು. ತಕ್ಕ ವೈದ್ಯವು ಸಿಕ್ಕಿದ್ದರೆ ಕೂಸು ಉಳಿಯುತ್ತಿತ್ತೆಂಬ ನೋವು ಆ ತಾಯಿಯ ಮನಸ್ಸನ್ನು ಬಿಟ್ಟುಹೋಗಲಿಲ್ಲ. ಹಳ್ಳಿಗಳಲ್ಲಿರುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆಯ ಮನೆಯ ಕತ್ತಲೆ, ಸೂಲಗಿತ್ತಿಯ ಕೈಮದ್ದು, ಹೊರಗೆ ತಲೆಯ ಮೇಲೆ ಕೈ ಹೊತ್ತು ಕುಳಿತ ಗಂಡಸರು, ಪರಗಂಡಸಾದ ಡಾಕ್ಟರನಿಗೆ ಮೈ ತೋರಿಸುವದಕ್ಕಿಂತ ಸಾಯುವದೇ ಮೇಲೆಂದು ಹಲ್ಲು ಕಚ್ಚಿದ ಹೆಂಗಸರು, ಇವೆಲ್ಲ ನಮ್ಮ ಅಜ್ಜಿಯಂದಿರ ಕಾಲದ ತನಕವೂ ಊರೂರಲ್ಲಿ ನಡೆದ ಮಾತೇ. ಹೆಂಗಸರ ರೋಗಕ್ಕೆ ಹೆಂಗಸೇ ವೈದ್ಯಳಾಗಬೇಕು, ತಾನೇ ಅಂಥ ವೈದ್ಯಳಾಗಬೇಕು ಎಂಬ ನಿಶ್ಚಯವು ಆನಂದೀಬಾಯಿಯಲ್ಲಿ ಬೇರೂರಿತು.

ಗೋಪಾಲರಾಯರಿಗೆ ಆಗ ಕೊಲ್ಹಾಪುರದಲ್ಲಿ ಕೆಲಸವಿತ್ತು. ಕೊಲ್ಹಾಪುರವು ನಮ್ಮ ಬೆಳಗಾವಿಗೆ ನೆರೆಯ ಊರು. ಅಲ್ಲಿ ಅಮೇರಿಕದ ಮಿಶನರಿಗಳು ಬಹು ಕಾಲದಿಂದ ಕೆಲಸ ನಡಿಸುತ್ತಿದ್ದರು. ಅವರಲ್ಲಿ ಮೊದಲಿಗರಾದ ರಾಯಲ್ ವೈಲ್ಡರ್ ಎಂಬವರು ಸ್ವದೇಶಕ್ಕೆ ಹಿಂದಿರುಗಿ, ಮಿಶನ್ ಕೆಲಸದ ವರ್ತಮಾನಗಳುಳ್ಳ ಒಂದು ಪತ್ರಿಕೆಯನ್ನು ಪ್ರಕಟಿಸುತ್ತಿದ್ದರು. 1878ನೇ ಇಸವಿಯಲ್ಲಿ ಗೋಪಾಲರಾಯರು ಒಂದು ಕಾಗದವನ್ನು ಬರೆದರು. ಅದು ವೈಲ್ಡರರ ಕೈ ಸೇರಿತು. ತನ್ನ ಹೆಂಡತಿಯನ್ನು ಅಮೇರಿಕದಲ್ಲಿ ಓದಿಸಬೇಕೆಂಬ ಇಚ್ಛೆಯಿದೆ, ತನಗೂ ಅಲ್ಲಿ ಒಂದು ಉದ್ಯೋಗ ದೊರೆತರೆ ಇಬ್ಬರೂ ಬರುವೆವು, ಯಾರಾದರೂ ಸಹಾಯ ಮಾಡುವರೋ ಎಂಬದೇ ಅದರ ಸಾರಾಂಶವು. ವಿದ್ಯಾಪೀಠಕ್ಕೆ ಬರೆದದ್ದಲ್ಲವಾದರೂ ಆನಂದೀಬಾಯಿಯ ಅರ್ಜಿಗಳಲ್ಲಿ ಮೊದಲನೇದು ಇದೇ ಎಂದು ಹೇಳಬಹುದು.

ವೈಲ್ಡರರು ಆ ಕಾಗದವನ್ನೂ ತಮ್ಮ ಉತ್ತರವನ್ನೂ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಉತ್ತರದಲ್ಲಿ ಸಹಾಯದ ಮಾತಿಗಿಂತ ಕ್ರಿಸ್ತನನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕೆಂಬ ಬುದ್ಧಿವಾದವೇ ಹೆಚ್ಚಾಗಿತ್ತು. ಹೆಂಡತಿಗೆ ವಿದ್ಯೆ ಕೇಳಿದ ಮನುಷ್ಯನಿಗೆ ಮೊದಲು ಮತಾಂತರದ ಮಾತು ಬಂದಿತು. ವೈಲ್ಡರರು ಕೊಲ್ಹಾಪುರದ ಸೀಮೆಯಲ್ಲಿ ಬಹು ವರ್ಷ ಪ್ರಯಾಸಪಟ್ಟವರು. ಆತ್ಮಗಳ ಮೇಲಣ ಪ್ರೀತಿಯಿಂದಲೇ ಹಾಗೆ ಬರೆದರೆಂಬದರಲ್ಲಿ ಅನುಮಾನವಿಲ್ಲ. ಆದರೂ ಅವರು ಮಾಡಿದ್ದು ಸರಿಯೆಂದು ನಾವು ಹೇಳಲಾರೆವು. ಬಾಯಾರಿ ಬಂದವನಿಗೆ ನೀರಿನ ತಂಬಿಗೆಯನ್ನು ತೋರಿಸಿ, ಮೊದಲು ನನ್ನ ಮಾತನ್ನು ಒಪ್ಪಿಕೋ ಎಂದು ಹೇಳಿದರೆ, ಅವನು ಒಪ್ಪಿದ್ದು ಮಾತನ್ನೋ ನೀರನ್ನೋ ಎಂದು ತಿಳಿಯುವದು ಹೇಗೆ? ನಮ್ಮ ಹಿರಿಯರು ಸಭೆಗೆ ಸೇರಿದಾಗ ಊರವರು ಇದೇ ಅಪವಾದವನ್ನು ಅವರ ಮೇಲೆ ಹೊರಿಸಿದ್ದರಾದದರಿಂದ, ಈ ಮಾತಿನ ತೂಕವು ನಮಗೆ ಗೊತ್ತು. ಜೋಶಿ ದಂಪತಿಗಳು ಆ ಷರತ್ತಿಗೆ ಒಪ್ಪಲಿಲ್ಲ. ಅಲ್ಲಿಗೆ ಬಾಗಲು ಮುಚ್ಚಿದಂತಾಯಿತು.

ಆದರೆ ಅಚ್ಚಾದ ಕಾಗದಕ್ಕೆ ಕಾಲುಗಳಿರುತ್ತವೆ. 1880ನೇ ಇಸವಿಯಲ್ಲಿ ನ್ಯೂಜರ್ಸಿ ಸಂಸ್ಥಾನದ ರೋಸೆಲ್ ಎಂಬ ಊರಿನ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಅಮ್ಮನವರು ಹಲ್ಲಿನ ವೈದ್ಯರಲ್ಲಿಗೆ ಹೋಗಿ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಅಲ್ಲಿ ಬಿದ್ದಿದ್ದ ಹಳೇ ಪತ್ರಿಕೆಯೊಂದನ್ನು ತಿರುವಿಹಾಕುತ್ತಿರುವಾಗ ಈ ಕಾಗದವೂ ಅದರ ಉತ್ತರವೂ ಅವರ ಕಣ್ಣಿಗೆ ಬಿದ್ದವು. ಹೆಂಡತಿಯ ವಿದ್ಯೆಗಾಗಿ ಇಷ್ಟು ಹಂಬಲಿಸುವ ಗಂಡನನ್ನೂ, ಆ ವಿದ್ಯೆಯನ್ನು ಬಯಸುವ ಹುಡುಗಿಯನ್ನೂ ಕಂಡು ಅವರ ಮನಸ್ಸು ಕರಗಿತು. ಗುರುತು ಪರಿಚಯವಿಲ್ಲದ ಆ ಹುಡುಗಿಗೆ ಅವರು ಕಾಗದ ಬರೆದರು. ತಾನು ಸಹಾಯ ಮಾಡುವೆನೆಂದು ತಿಳಿಸಿದರು. ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಆ ಹಳೇ ಪತ್ರಿಕೆಯ ಸಂಚಿಕೆಯನ್ನು ಯಾರಾದರೂ ಒಲೆಗೆ ಹಾಕಿಬಿಟ್ಟಿದ್ದರೆ ಈ ಚರಿತ್ರೆಯೇ ಇಲ್ಲದೆ ಹೋಗುತ್ತಿತ್ತು.

ಅಲ್ಲಿಂದ ಕಡಲಾಚೆ ಈಚೆ ಕಾಗದಗಳು ಓಡಾಡಿದವು. ಆನಂದೀಬಾಯಿಯು ಕಾರ್ಪೆಂಟರ್ ಅಮ್ಮನವರನ್ನು ಚಿಕ್ಕಮ್ಮನೆಂದು ಕರೆಯುವಷ್ಟು ಸಲಿಗೆ ಬೆಳೆಯಿತು. ಹಿಂದೂಗಳ ಹಬ್ಬ, ನಡೆನುಡಿ, ಬಾಲ್ಯವಿವಾಹ, ಹೆಂಗಸರ ಕಾಯಿಲೆ ಕಸಾಲೆ ಎಲ್ಲವನ್ನೂ ಆಕೆಯು ಮನಸ್ಸು ಬಿಚ್ಚಿ ಬರೆದಳು. ಈಗಿನ ವಿದ್ಯಾರ್ಥಿಗಳಿಗೆ ಪರದೇಶದ ವಿದ್ಯಾಪೀಠದ ಸಂಗತಿಯನ್ನು ತಿಳಿಯುವದಕ್ಕೆ ಒಂದು ನಿಮಿಷ ಸಾಕು. ಆಗ ಒಂದು ಪ್ರಶ್ನೆ ಹೋಗಿ ಅದರ ಉತ್ತರ ಬರಬೇಕಾದರೆ ತಿಂಗಳುಗಳೇ ಕಳೆಯುತ್ತಿದ್ದವು.

ಈ ನಡುವೆ ಗೋಪಾಲರಾಯರಿಗೆ ಊರಿಂದ ಊರಿಗೆ ವರ್ಗವಾಗುತ್ತಲೇ ಇತ್ತು. ಮುಂಬಯಿ, ಕಛ್ ಸೀಮೆಯ ಭುಜ್, ಕಲ್ಕತ್ತೆ ಇವೆಲ್ಲವನ್ನು ಸುತ್ತಿದ್ದಾಯಿತು. ಗಂಡಹೆಂಡಿರು ಜತೆಯಾಗಿ ಬೀದಿಯಲ್ಲಿ ನಡೆದರೆ ಜನರು ನಿಂತು ನಗುತ್ತಿದ್ದರು. ಆನಂದೀಬಾಯಿಯ ದೇಹಸ್ಥಿತಿಯೂ ಕೆಟ್ಟಿತು: ತಲೆನೋವು, ಆಗಾಗ ಜ್ವರ, ನಿಶ್ಶಕ್ತಿ, ಕೆಲವು ಸಾರಿ ಉಬ್ಬಸ. ಕಾರ್ಪೆಂಟರ್ ಅಮ್ಮನವರು ಅಮೇರಿಕದಿಂದ ಔಷಧಗಳನ್ನು ಕಳುಹಿಸಿದರೂ ಗುಣ ಕಾಣಲಿಲ್ಲ. 1883ರಲ್ಲಿ ಸೆರಾಂಪುರಕ್ಕೆ ವರ್ಗವಾದಾಗ, ಇನ್ನು ಇಬ್ಬರೂ ಕೂಡಿ ಹೋಗುವ ಆಶೆಯಿಲ್ಲವೆಂದು ಕಂಡು, ಹೆಂಡತಿಯನ್ನು ಒಬ್ಬಳನ್ನೇ ಕಳುಹಿಸುವೆನೆಂದು ಗೋಪಾಲರಾಯರು ನಿಶ್ಚಯಿಸಿದರು. ರೋಗಿಯಾದ ಹೆಂಗಸು, ಪರದೇಶ, ಒಂಟಿ ಪ್ರಯಾಣ, ಕೇಳಿದವರೆಲ್ಲರೂ ಬೇಡವೆಂದರು. ಥಾರ್‌ಬಾರ್ನ್ ಎಂಬ ವೈದ್ಯ ದಂಪತಿಗಳು ಮಾತ್ರ ಧೈರ್ಯ ಹೇಳಿ, ಫಿಲಡೆಲ್ಫಿಯ ಪಟ್ಟಣದಲ್ಲಿರುವ ಪೆನ್ಸಿಲ್ವೇನಿಯ ಸ್ತ್ರೀ ವೈದ್ಯ ಕಾಲೇಜಿಗೆ ಅರ್ಜಿ ಮಾಡಿಕೊಳ್ಳಬೇಕೆಂದು ಸಲಹೆ ಕೊಟ್ಟರು. ಅದು 1850ರಲ್ಲಿ ಸ್ಥಾಪನೆಯಾದದ್ದು. ಹೆಂಗಸರಿಗೆಂದೇ ಏರ್ಪಟ್ಟ ವೈದ್ಯಶಾಲೆಗಳಲ್ಲಿ ಲೋಕದಲ್ಲೇ ಮೊದಮೊದಲಿನವುಗಳಲ್ಲಿ ಒಂದು.

ಸೆರಾಂಪುರವೆಂಬ ಹೆಸರು ನಮ್ಮವರಿಗೆ ಹೊಸದಲ್ಲ. ವಿಲಿಯಂ ಕೇರಿಯವರು ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಅಲ್ಲಿಯ ಅಚ್ಚುಕೂಟದಿಂದಲೇ ಹೊರಟಿತು. ಅವರೂ ಅವರ ಜತೆಗಾರರೂ ಸ್ಥಾಪಿಸಿದ ಕಾಲೇಜಿನ ಸಭಾಮಂದಿರದಲ್ಲಿ 1883ನೇ ಇಸವಿ ಫೆಬ್ರವರಿ ತಿಂಗಳಲ್ಲಿ ಆನಂದೀಬಾಯಿಯು ತುಂಬಿದ ಸಭೆಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಉಪನ್ಯಾಸ ಮಾಡಿದಳು. ಜನರು ತನ್ನನ್ನು ಪೀಡಿಸಿ ಕೇಳುತ್ತಿದ್ದ ಆರು ಪ್ರಶ್ನೆಗಳನ್ನು ಆಕೆಯೇ ಎತ್ತಿ, ಒಂದೊಂದಕ್ಕೂ ಉತ್ತರ ಕೊಟ್ಟಳು. ಅಮೇರಿಕಕ್ಕೆ ಯಾಕೆ? ಈ ದೇಶದಲ್ಲಿ ಓದಲಿಕ್ಕಾಗದೋ? ಒಬ್ಬಳೇ ಯಾಕೆ? ತಿರುಗಿ ಬಂದರೆ ಜಾತಿಯಿಂದ ಹೊರಗೆ ಹಾಕರೋ? ಆಪತ್ತು ಬಂದರೇನು ಗತಿ? ಯಾವ ಹೆಂಗಸೂ ಮಾಡದ್ದನ್ನು ನೀನೇ ಯಾಕೆ ಮಾಡಬೇಕು? ಇಂದಿನ ವಿದ್ಯಾಪೀಠದವರು ಅರ್ಜಿದಾರರಿಗೆ ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ. ಆದರೆ ಆನಂದೀಬಾಯಿಗೆ ಇವುಗಳನ್ನು ಕೇಳಿದವರು ಕಾಲೇಜಿನವರಲ್ಲ. ಬೀದಿಯವರು, ಬಂಧುಗಳು, ಜಾತಿಯ ಹಿರಿಯರು.

ದೇಶದಲ್ಲಿ ಸ್ತ್ರೀ ವೈದ್ಯರಿಲ್ಲದೆ ಹೆಂಗಸರು ಸಾಯುತ್ತಿದ್ದಾರೆಂದೂ, ಮದರಾಸಿನ ಕಾಲೇಜೊಂದನ್ನು ಬಿಟ್ಟರೆ ಉಳಿದ ಕಡೆಗಳಲ್ಲಿ ಹೆಂಗಸರಿಗೆ ಸೂಲಗಿತ್ತಿಯ ಕೆಲಸವನ್ನು ಮಾತ್ರ ಕಲಿಸುತ್ತಾರೆಂದೂ ಆಕೆ ಹೇಳಿದಳು. ಮನೆಯಲ್ಲಿ ಸಾಕಬೇಕಾದ ಹಿರಿಯರಿರುವದರಿಂದಲೂ ಇಬ್ಬರಿಗಾಗುವಷ್ಟು ಹಣವಿಲ್ಲದ್ದರಿಂದಲೂ ಗಂಡನು ಜತೆಗೆ ಬರಲಾರನೆಂದಳು. ಜಾತಿಯ ವಿಷಯಕ್ಕೆ ಬಂದಾಗ ಆಕೆಯ ಮಾತು ಬಿರುಸಾಯಿತು. ತನ್ನ ಊಟ, ಉಡಿಗೆ, ನಡತೆ ಯಾವದನ್ನೂ ಬದಲಾಯಿಸುವದಿಲ್ಲ. ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಹಿಂದಿರುಗುವೆನು. ಹೊರಗೆ ಹಾಕಬೇಕೆಂದಿರುವವರು ತಾನು ಬರುವ ವರೆಗೆ ಕಾಯುವದೇಕೆ, ಈಗಲೇ ಹಾಕಲಿ ಎಂದಳು. ಜಾತಿಭ್ರಷ್ಟರೆಂದು ಬಾವಿಯ ನೀರನ್ನೂ ಬೆಂಕಿಯನ್ನೂ ಕಳೆದುಕೊಂಡ ಹಿರಿಯರ ಮಕ್ಕಳಾದ ನಾವು, ಆ ಮಾತನ್ನು ಆಡಲಿಕ್ಕೆ ಎಷ್ಟು ಎದೆ ಬೇಕೆಂಬದನ್ನು ಅರಿಯೆವೋ? ಆಕೆ ಆ ಎದೆಯನ್ನು ತನ್ನ ಸ್ವಂತ ಮತದೊಳಗೆ ನಿಂತುಕೊಂಡೇ ತೋರಿಸಿದಳು.

ಉಪನ್ಯಾಸದ ಸುದ್ದಿ ದೇಶವೆಲ್ಲಾ ಹಬ್ಬಿ, ಹಲವು ಕಡೆಯಿಂದ ಹಣವು ಬಂದಿತು. ವೈಸರಾಯರಾದ ಲಾರ್ಡ್ ರಿಪನ್ನರೂ 200 ರೂಪಾಯಿ ಕೊಟ್ಟರು. ತಂದೆಯು ಕೊಟ್ಟಿದ್ದ ಒಡವೆಗಳನ್ನು ಆಕೆ ಮಾರಿದಳು. ಎಪ್ರಿಲ್ 7ನೇ ತಾರೀಕಿನಲ್ಲಿ ಮಿಶನ್ ಅಮ್ಮನವರ ಜತೆಯಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದಳು. ಜೂನ್ 4ರಂದು ನ್ಯೂಯಾರ್ಕಿನಲ್ಲಿ ಇಳಿದಾಗ ಕಾರ್ಪೆಂಟರ್ ಅಮ್ಮನವರು ಅಲ್ಲಿ ಕಾದಿದ್ದರು. ಮೂರು ವರುಷ ಕೈಬರಹದಲ್ಲಿ ಮಾತ್ರ ಕಂಡವರು ಅಂದು ಮುಖಾಮುಖಿ ಕಂಡರು.

ನೋಡಿರಿ, ಆಕೆ ಅಮೇರಿಕವನ್ನು ಮುಟ್ಟಿದ್ದರೂ ಯಾವ ಕಾಲೇಜಿನಲ್ಲಿಯೂ ಇನ್ನೂ ಸ್ಥಳ ಸಿಕ್ಕಿರಲಿಲ್ಲ. ಇಂದಿನವರು ಮೊದಲು ಒಪ್ಪಿಗೆ ಪಡೆದು ಅನಂತರ ಹೊರಡುತ್ತಾರೆ. ಆಕೆ ಹೊರಟು ಬಂದು ಅನಂತರ ಕೇಳಿದಳು. ರೋಸೆಲಿನ ಆ ಮನೆಯಲ್ಲಿ ಬೇಸಗೆಯನ್ನು ಕಳೆಯುತ್ತಿರುವಾಗ, ಜೂನ್ 28ನೇ ತಾರೀಕಿನಲ್ಲಿ, ಕಾಲೇಜಿನ ಆಡಳಿತದವರಾದ ಆಲ್ಫ್ರೆಡ್ ಜೋನ್ಸ್ ಎಂಬವರಿಗೆ ತನ್ನ ಅರ್ಜಿಯನ್ನು ಬರೆದಳು.

ಆ ಪತ್ರವು ದೊಡ್ಡದೇನೂ ಅಲ್ಲ. ಆಕೆಯು ಓದಿದ್ದೆಲ್ಲಾ ಮನೆಯಲ್ಲಿ, ಅಂಚೇ ಗುಮಾಸ್ತನಾದ ಗಂಡನ ಕೈಕೆಳಗೆ. ತೋರಿಸಲಿಕ್ಕೆ ಪರೀಕ್ಷೆಯ ಪದವಿಗಳಿಲ್ಲ. ಇದನ್ನು ಮುಚ್ಚಿಡುವದಕ್ಕೆ ಆಕೆ ಯತ್ನಿಸಲಿಲ್ಲ. ಕಾಲೇಜಿನ ನಿಬಂಧನೆಗಳೆಲ್ಲವನ್ನೂ ತಾನು ಪೂರೈಸುವೆನೋ ಇಲ್ಲವೋ ಎಂಬ ಸಂಶಯವನ್ನು ತಾನೇ ಮುಂದಿಟ್ಟಳು. ಆದರೆ ಸ್ನೇಹಿತರೂ ಜಾತಿಯವರೂ ಒಟ್ಟಾಗಿ ಎದುರುನಿಂತರೂ ಹಿಂಜರಿಯದೆ ಇಷ್ಟು ದೂರಕ್ಕೆ ಬಂದ ಮನೋನಿಶ್ಚಯವನ್ನು ಯೋಗ್ಯತೆಯ ಲೆಕ್ಕದಲ್ಲಿ ಹಿಡಿಯಬೇಕೆಂದು ಕೇಳಿದಳು. ತನ್ನ ಉದ್ದೇಶವು ಸ್ವದೇಶದ ಬಡ ಸಹೋದರಿಯರಿಗೆ ನಿಜವಾದ ವೈದ್ಯಸಹಾಯವನ್ನು ಮುಟ್ಟಿಸುವದೆಂದೂ, ಅವರು ಗಂಡಸಾದ ವೈದ್ಯನ ಕೈಯಿಂದ ಅದನ್ನು ಹೊಂದುವದಕ್ಕಿಂತ ಸಾವನ್ನೇ ಆರಿಸಿಕೊಳ್ಳುವರೆಂದೂ ತಿಳಿಸಿದಳು. ತಮಗೆ ತಾವೇ ನೆರವಾಗಲಾರದವರಿಗೋಸ್ಕರ ತನ್ನ ಆತ್ಮವು ಕಲಕಿದೆಯೆಂದು ಬರೆದು ಮುಗಿಸಿದಳು. ತನ್ನ ಬಡತನವನ್ನು ಹೇಳಿ ಅಳಲಿಲ್ಲ. ತನ್ನನ್ನು ತಾನು ಹೊಗಳಿಕೊಳ್ಳಲೂ ಇಲ್ಲ. ಸಾವಿರ ಶಿಫಾರಸು ಪತ್ರಗಳಿಗಿಂತ ಹೆಚ್ಚಾದ ಈ ಕಾಗದವು ಇಂದಿಗೂ ಫಿಲಡೆಲ್ಫಿಯದ ಡ್ರೆಕ್ಸೆಲ್ ವಿದ್ಯಾಪೀಠದ ದಾಖಲೆಗಳಲ್ಲಿ ಇದೆ. ಆ ಹಳೇ ಸ್ತ್ರೀ ವೈದ್ಯ ಕಾಲೇಜು ಕಾಲಕ್ರಮದಲ್ಲಿ ಆ ವಿದ್ಯಾಪೀಠದೊಳಗೆ ಸೇರಿಹೋಯಿತು.

ಕಾಲೇಜಿನ ಅಧ್ಯಕ್ಷೆಯಾಗಿದ್ದವರು ರೇಚೆಲ್ ಬಾಡ್ಲಿ ಎಂಬ ರಸಾಯನಶಾಸ್ತ್ರ ಪಂಡಿತೆ. ಅವರು ಆಕೆಯನ್ನು ಸೇರಿಸಿಕೊಂಡರು. ಹಣದ ಸಹಾಯಕ್ಕೂ ಏರ್ಪಾಡಾಯಿತು. ಇವರೂ ಕ್ರೈಸ್ತರೇ, ಮಿಶನ್ ಕೆಲಸದಲ್ಲಿ ಆಸಕ್ತಿಯುಳ್ಳವರೇ. ಆದರೆ ನೀನು ಯಾರನ್ನು ಪೂಜಿಸುತ್ತೀ ಎಂಬದನ್ನು ಅವರು ಪ್ರವೇಶಕ್ಕೆ ಷರತ್ತಾಗಿ ಇಡಲಿಲ್ಲ. ಐದು ವರುಷ ಹಿಂದೆ ಒಂದು ಬಾಗಲಲ್ಲಿ ಕೇಳಲ್ಪಟ್ಟ ಬೆಲೆಯು ಇಲ್ಲಿ ಕೇಳಲ್ಪಡಲಿಲ್ಲ.

1883ರ ಅಕ್ಟೋಬರಿನಲ್ಲಿ ಪಾಠಗಳು ಆರಂಭವಾದವು. ಪರದೇಶದಲ್ಲಿ ಓದುವವರ ಕಷ್ಟವು ಪುಸ್ತಕದಲ್ಲಿ ಅಲ್ಲ, ಒಲೆಯಲ್ಲಿಯೂ ಹಾಸಿಗೆಯಲ್ಲಿಯೂ ಇರುವದೆಂದು ಹೋಗಿ ಬಂದವರು ಹೇಳುತ್ತಾರೆ. ಆಕೆಗೆ ಸಿಕ್ಕಿದ ಕೋಣೆಯ ಅಗ್ಗಿಷ್ಟಿಕೆಯು ಹೊಗೆಯನ್ನು ಒಳಕ್ಕೇ ಬಿಡುತ್ತಿತ್ತು. ಬೆಂಕಿ ಹಚ್ಚಿದರೆ ಹೊಗೆ, ಹಚ್ಚದಿದ್ದರೆ ಮಂಜಿನ ಚಳಿ. ಮಾಂಸವನ್ನು ಮುಟ್ಟದವಳಿಗೆ ಅಲ್ಲಿಯ ಊಟವು ಹೊಂದಲಿಲ್ಲ. ಸೀರೆಯನ್ನು ಆಕೆ ಬಿಡಲಿಲ್ಲ. ಕಾಲು ಮುಚ್ಚುವಂತೆ ಗುಜರಾಥಿ ರೀತಿಯಲ್ಲಿ ಉಟ್ಟಳು. ಅಷ್ಟು ಮಾತ್ರಕ್ಕೇ ಗಂಡನಿಂದ ಆಕ್ಷೇಪಣೆಯ ಕಾಗದ ಬಂದಿತು. ಕಳುಹಿಸಿದವರೇ ಅವರು, ದೂರದಿಂದ ಸಂಶಯಪಟ್ಟವರೂ ಅವರೇ. ಆ ದೇಹವು ಮೊದಲೇ ಕುಗ್ಗಿದ್ದು. ಈ ಮೂರು ಚಳಿಗಾಲಗಳಲ್ಲಿ ಕ್ಷಯರೋಗವು ಅದರಲ್ಲಿ ಮನೆಮಾಡಿತು.

ಆ ಕಾಲೇಜಿನಲ್ಲಿ ಪರದೇಶದವಳು ಆಕೆಯೊಬ್ಬಳೇ ಅಲ್ಲ. 1885ನೇ ಇಸವಿ ಅಕ್ಟೋಬರ್ ತಿಂಗಳಲ್ಲಿ ತೆಗೆದ ಒಂದು ಫೋಟೋ ಉಂಟು. ಅದರಲ್ಲಿ ಆನಂದೀಬಾಯಿಯೂ, ಜಪಾನಿನ ಕೇ ಒಕಾಮಿಯೂ, ಸಿರಿಯ ದೇಶದ ಸಬಾತ್ ಇಸ್ಲಾಂಬೂಲಿಯೂ ತಂತಮ್ಮ ದೇಶದ ಉಡಿಗೆಯಲ್ಲಿ ಇದ್ದಾರೆ. ಮೂವರಿಗೂ ತಾಯ್ನುಡಿ ಬೇರೆ. ಮೂವರೂ ಕಲಿತದ್ದು ಪರಭಾಷೆಯಲ್ಲಿ. ಮೂವರೂ ವೈದ್ಯಪದವಿಯನ್ನು ಪಡೆದರು.

1886ನೇ ಇಸವಿ ಮಾರ್ಚ್ 11ನೇ ತಾರೀಕಿನಲ್ಲಿ ಆನಂದೀಬಾಯಿಗೆ ಪದವಿ ಸಿಕ್ಕಿತು. ಆರ್ಯ ಹಿಂದೂಗಳಲ್ಲಿ ನಡೆಯುವ ಪ್ರಸೂತಿ ವಿದ್ಯೆಯನ್ನು ಕುರಿತು ಆಕೆ ಪ್ರಬಂಧವನ್ನು ಬರೆದಿದ್ದಳು. ಹತ್ತು ದಿನದ ಕೂಸನ್ನು ಕಳಕೊಂಡವಳು ಬೇರೆ ಯಾವ ವಿಷಯವನ್ನು ಆರಿಸಾಳು? ಅದೇ ವರುಷ ಕಲ್ಕತ್ತೆಯಲ್ಲಿ ಕಾದಂಬಿನೀ ಗಂಗೂಲಿಯೂ ವೈದ್ಯಳಾದಳು. ಪಾಶ್ಚಾತ್ಯ ವೈದ್ಯವನ್ನು ಕಲಿತು ಪದವಿ ಪಡೆದ ಹಿಂದೂ ಸ್ತ್ರೀಯರಲ್ಲಿ ಇವರಿಬ್ಬರು ಮೊದಲಿಗರು.

ಆ ದಿನದ ಸಭೆಯಲ್ಲಿ ನಮ್ಮ ಕಡೆಯವರೊಬ್ಬರು ಇದ್ದರು. ಪಂಡಿತಾ ರಮಾಬಾಯಿಯವರು ಆನಂದೀಬಾಯಿಗೆ ದೂರದ ಬಳಗ. ಅವರ ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಸೀಮೆಯವರು. ಮಗಳು ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರೂ ವೈದ್ಯವನ್ನು ಕಲಿಯಬೇಕೆಂದೇ 1883ರಲ್ಲಿ ಇಂಗ್ಲೆಂಡಿಗೆ ಹೋದವರು. ಕಿವಿ ಮಂದವಾದದ್ದರಿಂದ ಆ ಹಾದಿ ಮುಚ್ಚಿಹೋಯಿತು. ಅದೇ ವರುಷ ಅಲ್ಲಿ ದೀಕ್ಷಾಸ್ನಾನ ಹೊಂದಿದರು. ಆನಂದೀಬಾಯಿ ಪದವಿ ಹೊಂದುವದನ್ನು ನೋಡುವದಕ್ಕೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದರು. ಒಂದೇ ವರುಷದಲ್ಲಿ ಕಡಲು ದಾಟಿದ ಇಬ್ಬರು ಬ್ರಾಹ್ಮಣ ಸ್ತ್ರೀಯರಲ್ಲಿ ಒಬ್ಬರು ಕ್ರಿಸ್ತನನ್ನು ಹಿಂಬಾಲಿಸಿದರು. ಇನ್ನೊಬ್ಬಳು ಸೆರಾಂಪುರದಲ್ಲಿ ಹೇಳಿದ ಮಾತಿಗೆ ತಪ್ಪದೆ ಹಿಂದೂವಾಗಿಯೇ ಉಳಿದಳು. ಆಕೆಯು ನಮ್ಮವಳಾಗಲಿಲ್ಲವಲ್ಲಾ ಎಂದು ನಮ್ಮ ವಾಚಕರಲ್ಲಿ ಕೆಲವರು ಮರುಗಬಹುದು. ಕಾರ್ಪೆಂಟರ್ ಅಮ್ಮನವರು ಮಾತ್ರ ತಮ್ಮ ಪ್ರೀತಿಯಲ್ಲಿ ಅದರಿಂದ ಒಂದು ಕೂದಲೆಳೆಯಷ್ಟನ್ನೂ ಕಡಿಮೆ ಮಾಡಲಿಲ್ಲ.

ಅಷ್ಟರಲ್ಲಿ ಕೊಲ್ಹಾಪುರ ಸಂಸ್ಥಾನದಿಂದ ಕರೆ ಬಂದಿತ್ತು. ಅಲ್ಲಿಯ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗವನ್ನು ನೋಡಿಕೊಳ್ಳುವ ವೈದ್ಯಳ ಕೆಲಸ. ಮೊದಲ ಕಾಗದವು ಹೊರಟಿದ್ದ ಊರಿಗೇ ಆಕೆ ಡಾಕ್ಟರಳಾಗಿ ಹೋಗಬೇಕಾಗಿತ್ತು. ಓದು ಮುಗಿಯುವ ಕಾಲಕ್ಕೆ ಗೋಪಾಲರಾಯರೂ ಅಮೇರಿಕಕ್ಕೆ ಬಂದಿದ್ದರು; 1886ರ ಅಕ್ಟೋಬರಿನಲ್ಲಿ ಇಬ್ಬರೂ ನ್ಯೂಯಾರ್ಕಿನಿಂದ ಹೊರಟು ನವಂಬರದಲ್ಲಿ ಮುಂಬಯಿಗೆ ಬಂದು ಮುಟ್ಟಿದರು. ಬರಮಾಡಿಕೊಳ್ಳಲು ಜನರು ಕೂಡಿದ್ದರು, ವೃತ್ತಪತ್ರಿಕೆಗಳು ಹೊಗಳಿದವು. ಆದರೆ ಹಡಗಿನಿಂದ ಇಳಿದವಳು ವೈದ್ಯಳಲ್ಲ, ರೋಗಿ. ಪುಣೆಯಲ್ಲಿ ಬಂಧುಗಳ ನಡುವೆ ಆಕೆಯನ್ನಿಟ್ಟು ಆರೈಕೆ ಮಾಡಿದರು. ಕೊಲ್ಹಾಪುರದ ಕೆಲಸಕ್ಕೆ ಆಕೆಯು ಒಂದು ದಿನವಾದರೂ ಹೋಗಲಾಗಲಿಲ್ಲ. 1887ನೇ ಇಸವಿ ಫೆಬ್ರವರಿ 26ನೇ ತಾರೀಕಿನಲ್ಲಿ, ಇಪ್ಪತ್ತೆರಡು ತುಂಬುವದಕ್ಕೆ ಇನ್ನೂ ಒಂದು ತಿಂಗಳಿರುವಾಗಲೇ, ಆನಂದೀಬಾಯಿ ತೀರಿಹೋದಳು.

ಅದೇ ವರುಷ ರಮಾಬಾಯಿಯವರು ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಅಮೇರಿಕದಲ್ಲಿ ಒಂದು ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಅದಕ್ಕೆ ಮುನ್ನುಡಿ ಬರೆದವರು ರೇಚೆಲ್ ಬಾಡ್ಲಿಯವರು; ತಾವು ಸೇರಿಸಿಕೊಂಡ ಆ ವಿದ್ಯಾರ್ಥಿನಿಯ ಸಂಗತಿಯನ್ನು ಅದರಲ್ಲಿ ಹೇಳಿದ್ದಾರೆ.

ಗೋಪಾಲರಾಯರು ಆಕೆಯ ಚಿತಾಭಸ್ಮವನ್ನು ಕಾರ್ಪೆಂಟರ್ ಅಮ್ಮನವರಿಗೆ ಕಳುಹಿಸಿಕೊಟ್ಟರು. ಅವರು ಅದನ್ನು ನ್ಯೂಯಾರ್ಕ್ ಸಂಸ್ಥಾನದ ಪೊಕಿಪ್ಸಿ ಎಂಬ ಊರಿನಲ್ಲಿ ತಮ್ಮ ಕುಟುಂಬದವರ ಸಮಾಧಿಗಳ ಸಾಲಿನಲ್ಲೇ ಇಡಿಸಿದರು. ಅಲ್ಲಿಯ ಕಲ್ಲಿನ ಮೇಲೆ ಆಕೆಯ ಹೆಸರನ್ನೂ ವೈದ್ಯಪದವಿಯನ್ನೂ ಕೆತ್ತಿ, ವಿದ್ಯೆಗಾಗಿ ಭಾರತವನ್ನು ಬಿಟ್ಟುಬಂದ ಮೊದಲನೇ ಬ್ರಾಹ್ಮಣ ಸ್ತ್ರೀ ಇವಳೆಂದು ಬರೆಸಿದ್ದಾರೆ.